ಯಾರನ್ನು ಕೇಳೋದು? ಆಫೀಸ್ ನೋಡದೆ ಕೆಲಸಕ್ಕೆ ಸೇರಿದವರ ಪ್ರಕರಣ

2020ರ ಮಾರ್ಚ್ 4ರಂದು ಮೈಕ್ರೋಸಾಫ್ಟ್ ಕಂಪನಿ ಸಿಯಾಟಲ್ ಸುತ್ತಮುತ್ತ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿದ್ದ ತನ್ನ ನೌಕರರಿಗೆ ಒಂದು ಸೂಚನೆ ಕಳಿಸಿತು. ಮನೆಯಿಂದ ಕೆಲಸ ಮಾಡಲು ಆಗುವವರೆಲ್ಲ ಮಾರ್ಚ್ 25ರವರೆಗೆ ಮನೆಯಿಂದಲೇ ಮಾಡಿ ಎಂಬುದು ಅದರ ಸಾರ. ಮೂರು ವಾರದ ಮಾತು ಎರಡು ವರ್ಷ ಎಳೆಯಿತು. ರೆಡ್ಮಂಡ್‌ನ ಮುಖ್ಯ ಕಚೇರಿ ಪೂರ್ತಿಯಾಗಿ ಬಾಗಿಲು ತೆರೆದದ್ದು 2022ರ ಫೆಬ್ರವರಿ 28ಕ್ಕೆ.

ಈ ಎರಡು ವರ್ಷ ನೇಮಕಾತಿ ಮಾತ್ರ ನಿಲ್ಲಲಿಲ್ಲ. 2020ರ ಜೂನ್ ಕೊನೆಗೆ ಕಂಪನಿಯಲ್ಲಿ ಸುಮಾರು 1.63 ಲಕ್ಷ ಜನ ಇದ್ದರು. ಒಂದು ವರ್ಷ ಕಳೆದ ಮೇಲೆ 1.81 ಲಕ್ಷ. ಅದರ ಮರುವರ್ಷ 2.21 ಲಕ್ಷ. ಇದರಲ್ಲಿ ಕಂಪನಿ ಕೊಂಡುಕೊಂಡ ಬೇರೆ ಸಂಸ್ಥೆಗಳ ಜನರೂ ಸೇರಿದ್ದಾರೆ, ನಿಜ. ಬಿಟ್ಟುಹೋದವರ ಜಾಗಕ್ಕೆ ಬಂದವರು ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಹೇಗೆ ನೋಡಿದರೂ ಸಾವಿರಾರು ಜನ ಆಫೀಸಿಗೆ ಕಾಲಿಡದೆಯೇ ಕೆಲಸ ಶುರು ಮಾಡಿದರು. ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಬಂತು. ಮ್ಯಾನೇಜರ್ ಪರದೆಯ ಮೇಲೆ ಸಿಕ್ಕರು. ಪಕ್ಕದ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಈ ಪ್ರಕರಣವನ್ನೇ ಆರಿಸಿಕೊಳ್ಳಲು ನನಗೆ ಎರಡು ಕಾರಣಗಳಿವೆ. ಒಂದು, ಇಲ್ಲಿ ಉಪಕರಣದ ಕೊರತೆ ಇತ್ತು ಅನ್ನುವ ಹಾಗಿಲ್ಲ. ಟೀಮ್ಸ್ ಇವರದೇ ಸಾಫ್ಟ್‌ವೇರ್. 2020ರ ಮಾರ್ಚ್ ಮಧ್ಯದ ಹೊತ್ತಿಗೆ ಅದನ್ನು ದಿನಕ್ಕೆ 4.4 ಕೋಟಿ ಜನ ಬಳಸುತ್ತಿದ್ದರು. ವಿಡಿಯೋ ಕಾಲ್, ಚಾಟ್, ಫೈಲ್ ಹಂಚಿಕೆ ಎಲ್ಲವೂ ಕೈಯಲ್ಲೇ ಇತ್ತು. ಅಷ್ಟಿದ್ದೂ ಹೊಸಬರಿಗೆ ಕಷ್ಟವಾಯಿತು ಅಂದರೆ ಆ ಕಷ್ಟದ ಮೂಲ ಬೇರೆಲ್ಲೋ ಇರಬೇಕು, ಅಲ್ವಾ? ಎರಡನೆಯದು, ಈ ಕಂಪನಿ ತನ್ನ ಹೊಸಬರ ಬಗ್ಗೆ ಅದಕ್ಕೂ ಮೊದಲೇ ಅಳೆದು ನೋಡಿತ್ತು, ಆಮೇಲೂ ಅಳೆಯಿತು. ಫಲಿತಾಂಶಗಳನ್ನು ಹೊರಗೆ ಹೇಳಿತು. ಹೀಗೆ ಮುಂಚಿನದು ಮತ್ತು ನಂತರದ್ದು ಎರಡೂ ಸಿಗುವ ಪ್ರಕರಣ ಅಪರೂಪ.

ಹೊಸಬರು ಏನು ಹೇಳಿದರು

ಕ್ಲೆಮ್ಸನ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು ಸೇರಿ, ಸಾಂಕ್ರಾಮಿಕದ ಕಾಲದಲ್ಲಿ ಕಂಪನಿಗೆ ಸೇರಿದ 267 ಜನರನ್ನು ಮಾತಾಡಿಸಿ ನೋಡಿದರು. ಸಾಫ್ಟ್‌ವೇರ್ ಡೆವಲಪರ್‌ಗಳ ಆನ್‌ಬೋರ್ಡಿಂಗ್, ಅಂದರೆ ಹೊಸಬರನ್ನು ಕೆಲಸಕ್ಕೆ ಹೊಂದಿಸಿಕೊಳ್ಳುವ ಕ್ರಮದ ಬಗ್ಗೆ ನಡೆದ ಸಮೀಕ್ಷೆ ಅದು. 2021ರಲ್ಲಿ ಅದರ ವರದಿ ಬಂತು.

ದೂರುಗಳ ಪೈಕಿ ಕೆಲವು ನಾವೆಲ್ಲ ಊಹಿಸಬಹುದಾದವು. ಯಂತ್ರ ತಡವಾಗಿ ಬಂತು, ಅನುಮತಿ ಸಿಗಲಿಲ್ಲ, ದಾಖಲೆಗಳು ಹಳೆಯವು. ಇವನ್ನು ಸರಿಮಾಡುವುದು ಕಷ್ಟವೇನಲ್ಲ, ಯಾರಾದರೂ ಕೂತು ಮಾಡಬೇಕು ಅಷ್ಟೆ. ನನ್ನ ಗಮನ ಹಿಡಿದದ್ದು ಇನ್ನೊಂದು ಬಗೆಯ ದೂರು. ಯಾರನ್ನು ಕೇಳಬೇಕು ಗೊತ್ತಾಗುವುದಿಲ್ಲ. ಗೊತ್ತಾದರೂ ಅವರು ಈಗ ಬಿಡುವಾಗಿದ್ದಾರಾ ತಿಳಿಯುವುದಿಲ್ಲ. ತೊಂದರೆ ಕೊಟ್ಟ ಹಾಗಾಗುತ್ತದೇನೋ ಅಂತ ಹಿಂಜರಿಕೆ.

ಈ ಹಿಂಜರಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೊಸಬ ಒಂದು ಪ್ರೋಗ್ರಾಂ ಓಡಿಸಲು ನೋಡುತ್ತಾನೆ. ಎರರ್ ಬರುತ್ತದೆ. ಆಫೀಸಿನಲ್ಲಾಗಿದ್ದರೆ ಕುರ್ಚಿ ತಿರುಗಿಸಿ ಪಕ್ಕದವರ ಮುಖ ನೋಡುತ್ತಿದ್ದ. ಅವರು ಹೆಡ್‌ಫೋನ್ ತೆಗೆದು ಕೂತಿದ್ದರೆ ‘ಒಂದು ನಿಮಿಷ’ ಅಂತ ಕೇಳುತ್ತಿದ್ದ. ಅವರು ಎದ್ದು ಬಂದು ಪರದೆ ನೋಡಿ, ‘ಓ, ಇದಾ, ಎಲ್ಲರಿಗೂ ಆಗುತ್ತೆ’ ಅಂತ ಎರಡು ಸಾಲು ಬದಲಿಸಿ ಹೋಗುತ್ತಿದ್ದರು. ಮನೆಯಲ್ಲಿ ಅದೇ ಕೆಲಸಕ್ಕೆ ಆತ ಚಾಟ್ ತೆರೆಯಬೇಕು. ವಿಷಯ ಬರೆಯಬೇಕು. ಬರೆಯುತ್ತಾ ಬರೆಯುತ್ತಾ ‘ಇಷ್ಟು ಸಣ್ಣದನ್ನು ಕೇಳಬೇಕಾ’ ಅನ್ನಿಸುತ್ತದೆ. ಅಳಿಸುತ್ತಾನೆ. ಇನ್ನೊಮ್ಮೆ ತಾನೇ ಹುಡುಕುತ್ತಾನೆ. ಮಧ್ಯಾಹ್ನ ಕಳೆದುಹೋಗುತ್ತದೆ. ಸಂಜೆ ಮ್ಯಾನೇಜರ್ ‘ಎಲ್ಲ ಹೇಗಿದೆ?’ ಅಂತ ಕೇಳಿದಾಗ ‘ಎಲ್ಲ ಚೆನ್ನಾಗಿದೆ’ ಅಂತಾನೆ.

‘ಎಲ್ಲರಿಗೂ ಆಗುತ್ತೆ’ ಅನ್ನುವ ಆ ಮಾತು ಇಲ್ಲಿ ತುಂಬ ಮುಖ್ಯ. ಎರರ್‌ಗೆ ಉತ್ತರ ಯಾವುದಾದರೂ ಪುಟದಲ್ಲಿ ಸಿಕ್ಕೀತು. ನೀನು ದಡ್ಡನಲ್ಲ, ನಮ್ಮ ಪೈಕಿಯವನೇ ಅನ್ನುವ ಭರವಸೆ ಆ ಪುಟದಲ್ಲಿ ಸಿಗುವುದಿಲ್ಲ. ಇಡೀ ಪ್ರಕರಣದಲ್ಲಿ ನಾನು ಹೇಳಬೇಕೆಂದಿರುವುದು ಇದೇ. ವರ್ಚುವಲ್ ಆನ್‌ಬೋರ್ಡಿಂಗ್‌ನಲ್ಲಿ ಮಾಹಿತಿಗೆ ಬರ ಇರುವುದಿಲ್ಲ. ಕೇಳುವುದು ದುಬಾರಿಯಾಗುತ್ತದೆ. ಹೊಸಬರ ಉತ್ಸಾಹ ಕರಗುವುದು ಅಲ್ಲಿಂದ.

ಕೆಲಸದಲ್ಲಿ ಮನಸ್ಸಿಟ್ಟು ತೊಡಗುವುದನ್ನು ಎಂಗೇಜ್‌ಮೆಂಟ್ ಅನ್ನುತ್ತಾರೆ. ಅದರ ಬಗ್ಗೆ ಮೊದಲು ಗಂಭೀರವಾಗಿ ಬರೆದ ಸಂಶೋಧಕರಲ್ಲಿ ವಿಲಿಯಂ ಕಾನ್ ಒಬ್ಬರು. 1990ರಲ್ಲಿ ಅವರು ಒಂದು ಬೇಸಿಗೆ ಶಿಬಿರದ ಸಿಬ್ಬಂದಿಯನ್ನೂ ಒಂದು ವಾಸ್ತುಶಿಲ್ಪ ಸಂಸ್ಥೆಯ ನೌಕರರನ್ನೂ ಗಮನಿಸಿ ಮೂರು ಷರತ್ತುಗಳನ್ನು ಗುರುತಿಸಿದರು. ಕೆಲಸಕ್ಕೆ ಅರ್ಥ ಇದೆ ಅನ್ನಿಸಬೇಕು. ನಾನು ನಾನಾಗಿ ಇದ್ದರೆ ತೊಂದರೆಯಾಗದು ಅನ್ನಿಸಬೇಕು. ಕೆಲಸಕ್ಕೆ ಕೊಡಲು ಮೈಮನಸ್ಸಿನಲ್ಲಿ ಶಕ್ತಿ ಇರಬೇಕು. ಹೊಸಬರಿಗೆ ಮೊದಲನೆಯದು ಸಾಮಾನ್ಯವಾಗಿ ಇರುತ್ತದೆ. ಅದಕ್ಕೇ ತಾನೆ ಸೇರಿರುವುದು? ಮೂರನೆಯದೂ ಬೇಕಾದಷ್ಟಿರುತ್ತದೆ. ಮನೆಯಲ್ಲಿ ಕೂತು ಸೇರಿದವರಿಗೆ ಕೈಕೊಡುವುದು ಎರಡನೆಯದು. ಗೊತ್ತಿಲ್ಲ ಅಂತ ಹೇಳಿದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ, ಯಾಕೆಂದರೆ ಬೇರೆ ಯಾರೂ ಹಾಗೆ ಹೇಳುವುದನ್ನು ಅವರು ನೋಡಿಲ್ಲ. ಆಫೀಸಿನಲ್ಲಿ ಹತ್ತು ವರ್ಷದ ಅನುಭವಿಯೂ ಎದ್ದು ಹೋಗಿ ಇನ್ನೊಬ್ಬರನ್ನು ಕೇಳುವುದು ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಅದು ಇಬ್ಬರ ನಡುವಿನ ಚಾಟ್‌ನಲ್ಲಿ ಮುಗಿದುಹೋಗುತ್ತದೆ.

ಹಳಬರು ಒಳಗೊಳಗೇ ಮುದುಡಿಕೊಂಡರು

ಇದೇ ಸಮಯದಲ್ಲಿ ಹಳಬರ ಕಡೆಯೂ ಏನೋ ಆಗುತ್ತಿತ್ತು. 2020ರ ಮೊದಲ ಆರು ತಿಂಗಳಲ್ಲಿ ಅಮೆರಿಕದ 61,182 ಮೈಕ್ರೋಸಾಫ್ಟ್ ನೌಕರರ ಇಮೇಲ್, ಕ್ಯಾಲೆಂಡರ್, ಚಾಟ್, ಕರೆಗಳ ಲೆಕ್ಕವನ್ನು ಸಂಶೋಧಕರು ಹೆಸರು ತೆಗೆದು ಪರಿಶೀಲಿಸಿದರು. 2021ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಬೇರೆ ಗುಂಪುಗಳ ಜನರ ಜೊತೆ ಕೆಲಸ ಮಾಡುವ ಸಮಯದ ಪಾಲು ಸುಮಾರು 25% ಕುಸಿದಿತ್ತು. ಸಂಪರ್ಕ ಜಾಲ ಜಡವಾಯಿತು. ಹೊಸ ನಂಟುಗಳು ಕಡಿಮೆಯಾದವು. ಇಬ್ಬರೂ ಒಂದೇ ಹೊತ್ತಿಗೆ ಕೂತು ಆಡುವ ಮಾತು ಇಳಿದು ಇಮೇಲ್, ಚಾಟ್ ಏರಿತು.

ಹಳಬರ ಮಟ್ಟಿಗೆ ಇದು ಸಹಿಸಬಹುದಾದ ನಷ್ಟ. ಅವರ ಹತ್ತಿರ ಹಳೆಯ ಪರಿಚಯದ ಬಂಡವಾಳ ಇತ್ತು. ಹೊಸಬರಿಗೆ ಏನಿತ್ತು? ಎಲ್ಲರೂ ತಮ್ಮ ತಮ್ಮ ಹಳೆಯ ಜನರ ಕಡೆಗೇ ತಿರುಗಿ ಕೂತಿರುವಾಗ ಇವರು ಬಂದರು. ಯಾರೂ ಬೇಕೆಂದು ದೂರ ಮಾಡಲಿಲ್ಲ. ಗೊತ್ತಿರುವವರಿಗೆ ಮೆಸೇಜ್ ಹಾಕುವುದು ಸುಲಭ, ಹಾಗಾಗಿ ಗೊತ್ತಿರುವವರಿಗೇ ಹಾಕಿದರು. ಅಷ್ಟೇ ಸಾಕಾಯಿತು.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಹೊಸಬ ಚುರುಕಾಗಿ ಬೆರೆಯುತ್ತಿಲ್ಲ ಅಂದರೆ ಎಷ್ಟೋ ಮ್ಯಾನೇಜರ್‌ಗಳು ಅದನ್ನು ಅವನ ಸ್ವಭಾವ ಅಂತ ಬರೆದುಬಿಡುತ್ತಾರೆ. ‘ಸ್ವಲ್ಪ ಸುಮ್ಮನಿರೋ ಹುಡುಗ.’ ಅವನು ಸುಮ್ಮನಿರುವ ಹುಡುಗನೇ ಅಲ್ಲದಿರಬಹುದು. ಮಾತಾಡಲು ಅವನಿಗೆ ಸಿಕ್ಕ ಬಾಗಿಲು ಒಂದೇ ಇರಬಹುದು.

ಜೊತೆಗಾರರ ಅಂಕಿಗಳು, ಮತ್ತು ಅವನ್ನು ಓದುವ ಬಗೆ

ಸಾಂಕ್ರಾಮಿಕಕ್ಕೆ ಮೊದಲೇ ಕಂಪನಿ ಒಂದು ಪ್ರಯೋಗ ಮಾಡಿತ್ತು. ಹೊಸದಾಗಿ ಸೇರಿದವರಿಗೆ ಟೀಮ್‌ನಲ್ಲೇ ಒಬ್ಬ ಜೊತೆಗಾರನನ್ನು ಗೊತ್ತುಮಾಡುವುದು. ಮ್ಯಾನೇಜರ್ ಬೇರೆ, ಈ ಜೊತೆಗಾರ ಬೇರೆ. ಸುಮಾರು 600 ಜನರ ಮೇಲೆ ನಡೆದ ಆ ಪ್ರಯೋಗದ ಫಲ 2019ರಲ್ಲಿ ಹೊರಬಂದಿತ್ತು. ಜೊತೆಗಾರ ಇದ್ದವರು ಮೊದಲ ವಾರದ ಕೊನೆಗೆ, ಇಲ್ಲದವರಿಗಿಂತ 23% ಹೆಚ್ಚು ತೃಪ್ತರಾಗಿದ್ದರು. 90 ದಿನಕ್ಕೆ ಆ ಅಂತರ 36% ಆಯಿತು.

ಇನ್ನೂ ಕುತೂಹಲದ್ದು ಭೇಟಿಯ ಲೆಕ್ಕ. ಮೊದಲ 90 ದಿನದಲ್ಲಿ ಜೊತೆಗಾರನನ್ನು ಒಂದು ಸಲವಾದರೂ ಭೇಟಿಯಾದವರಲ್ಲಿ 56% ಜನ, ಇದರಿಂದ ತಾವು ಬೇಗ ಕೆಲಸಕ್ಕೆ ಹೊಂದಿಕೊಂಡೆವು ಅಂದರು. ಎರಡು ಮೂರು ಸಲ ಭೇಟಿಯಾದವರಲ್ಲಿ 73%. ನಾಲ್ಕರಿಂದ ಎಂಟು ಸಲ ಆದಾಗ 86%. ಎಂಟಕ್ಕಿಂತ ಜಾಸ್ತಿ ಆದವರಲ್ಲಿ 97%.

ಈ ಏಣಿಯನ್ನು ನೋಡಿದ ಕೂಡಲೇ ಎಲ್ಲ ಕಂಪನಿಗಳೂ ಜೊತೆಗಾರರನ್ನು ನೇಮಿಸಲು ಓಡುತ್ತವೆ. ಓಡಲಿ, ತಪ್ಪಿಲ್ಲ. ಆದರೆ ಒಂದು ಮಾತನ್ನು ಬಿಡಿಸಿ ನೋಡಬೇಕು. ಎಂಟಕ್ಕಿಂತ ಹೆಚ್ಚು ಸಲ ಭೇಟಿಯಾದವರು ಯಾರು? ಬಹುಶಃ ಸಹಜವಾಗಿ ಮಾತಾಡುವವರು. ಕೇಳಲು ಹಿಂಜರಿಯದವರು. ಅವರಿಗೆ ಜೊತೆಗಾರ ಇಲ್ಲದಿದ್ದರೂ ಹೇಗೋ ದಾರಿ ಸಿಗುತ್ತಿತ್ತೇನೋ. ಭೇಟಿಯಿಂದ ಒಳ್ಳೆಯದಾಯಿತೋ, ಒಳ್ಳೆಯದಾಗುವವರೇ ಜಾಸ್ತಿ ಭೇಟಿಯಾದರೋ? ಬರೀ ಈ ಅಂಕಿಗಳಿಂದ ಹೇಳಲಾಗದು.

ಈ ಗಂಟನ್ನು ಬಿಡಿಸಲು ಇನ್ನೊಂದು ಅಧ್ಯಯನ ನೆರವಿಗೆ ಬರುತ್ತದೆ. ಅದು ಮೈಕ್ರೋಸಾಫ್ಟ್‌ನದ್ದಲ್ಲ. 2020ರ ಬೇಸಿಗೆಯಲ್ಲಿ ಒಂದು ದೊಡ್ಡ ಜಾಗತಿಕ ಸಂಸ್ಥೆ ತನ್ನ ಇಂಟರ್ನ್‌ಶಿಪ್ ಪೂರ್ತಿ ಆನ್‌ಲೈನ್ ಮಾಡಿತು. 16 ನಗರಗಳ 1,370 ಇಂಟರ್ನ್‌ಗಳು. ಹಾರ್ವರ್ಡ್‌ನ ಸಂಶೋಧಕರು ಅವರನ್ನು ಚೀಟಿ ಎತ್ತಿದ ಹಾಗೆ ಬೇರೆ ಬೇರೆ ಗುಂಪಿಗೆ ಹಾಕಿದರು. ಒಂದು ಗುಂಪಿಗೆ ಹಿರಿಯ ಮ್ಯಾನೇಜರ್‌ಗಳ ಜೊತೆ ಆನ್‌ಲೈನ್‌ನಲ್ಲೇ, ಕೆಲಸದ ವಿಷಯ ಬಿಟ್ಟು, ಸುಮ್ನೆ ಹರಟುವ ಅವಕಾಶ. ಉಳಿದ ಗುಂಪುಗಳಿಗೆ ಬೇರೆ ಬಗೆಯ ಚಟುವಟಿಕೆ. ಯಾರು ಯಾವ ಗುಂಪಿಗೆ ಅನ್ನುವುದು ಅವರ ಸ್ವಭಾವದ ಮೇಲೆ ನಿಂತಿರಲಿಲ್ಲ. ಈ ಅಧ್ಯಯನದ ಬೆಲೆ ಇರುವುದು ಅಲ್ಲೇ.

ಹಿರಿಯರ ಜೊತೆ ಹರಟುವ ಅವಕಾಶ ಸಿಕ್ಕವರಿಗೆ ವಾರವಾರದ ಕೆಲಸದ ಅಂಕ ಹೆಚ್ಚು ಬಂತು. ಪೂರ್ಣಾವಧಿ ಕೆಲಸದ ಆಹ್ವಾನ ಸಿಗುವ ಸಾಧ್ಯತೆಯೂ ಹೆಚ್ಚಿತ್ತು. ದೂರದಿಂದ ಮಾಡಿದ ಇಂಟರ್ನ್‌ಶಿಪ್ ಬಗ್ಗೆ ಅವರ ಅಭಿಪ್ರಾಯವೂ ಉಳಿದವರಿಗಿಂತ ಒಳ್ಳೆಯದಿತ್ತು. ಅಂದರೆ ಮಾತುಗಾರರಷ್ಟೇ ಗೆದ್ದರು ಅನ್ನುವ ಅನುಮಾನಕ್ಕೆ ಇಲ್ಲಿ ಜಾಗ ಕಡಿಮೆ. ಅವಕಾಶವನ್ನು ಹೊರಗಿನಿಂದ ಒದಗಿಸಿದರೂ ಫಲ ಬರುತ್ತದೆ.

ಆದರೆ ಅದೇ ಅಧ್ಯಯನದಲ್ಲಿ ಕಹಿಯಾದದ್ದೂ ಒಂದಿದೆ. ಹಿನ್ನೆಲೆಯಲ್ಲಿ ಹಿರಿಯರನ್ನು ಹೋಲುವ ಇಂಟರ್ನ್‌ಗಳಿಗೆ ಲಾಭ ಹೆಚ್ಚಾಗಿತ್ತು. ಹರಟೆಗೆ ಕೂರಿಸಿಬಿಟ್ಟರೆ ಎಲ್ಲರಿಗೂ ಸಮನಾಗಿ ದಕ್ಕುತ್ತದೆ ಅಂತಿಲ್ಲ. ಯಾರನ್ನು ಯಾರ ಜೊತೆ ಕೂರಿಸುತ್ತೇವೆ ಎಂಬುದನ್ನು ಯೋಚಿಸದೆ ಈ ಉಪಾಯವನ್ನು ಜಾರಿಗೆ ತಂದರೆ, ಮೊದಲೇ ಅನುಕೂಲದಲ್ಲಿದ್ದವರಿಗೆ ಇನ್ನಷ್ಟು ಅನುಕೂಲ ಮಾಡಿದ ಹಾಗೆ.

ಮ್ಯಾನೇಜರ್‌ನ ಮೊದಲ ವಾರ

ಜೊತೆಗಾರನನ್ನು ಕೊಟ್ಟು ಮ್ಯಾನೇಜರ್ ಕೈತೊಳೆದುಕೊಳ್ಳುವುದನ್ನು ಬೇಕಾದಷ್ಟು ಕಡೆ ಕಾಣುತ್ತೇವೆ. ಮೈಕ್ರೋಸಾಫ್ಟ್‌ನದೇ ಇನ್ನೊಂದು ಲೆಕ್ಕ ಇದನ್ನು ಒಪ್ಪುವುದಿಲ್ಲ. ಮೊದಲ ವಾರದಲ್ಲೇ ಮ್ಯಾನೇಜರ್ ಜೊತೆ ಒಬ್ಬರಿಗೊಬ್ಬರು ಕೂತು ಮಾತಾಡಿದ ಹೊಸಬರ ಸಂಪರ್ಕ ಜಾಲ 90 ದಿನದ ಹೊತ್ತಿಗೆ, ಮಾತಾಡದವರಿಗಿಂತ 12% ದೊಡ್ಡದಾಗಿತ್ತು. ಒಂದೇ ಒಂದು ಮಾತುಕತೆ ನೇರವಾಗಿ ಇಷ್ಟನ್ನೆಲ್ಲ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಮೊದಲ ವಾರದಲ್ಲೇ ಸಮಯ ತೆಗೆಯುವ ಮ್ಯಾನೇಜರ್ ಆಮೇಲೂ ಸಮಯ ತೆಗೆಯುವವರೇ ಆಗಿರುತ್ತಾರೆ. ‘ಇವರನ್ನು ಒಮ್ಮೆ ಮಾತಾಡಿಸು, ಅವರನ್ನು ಕೇಳು, ನನ್ನ ಹೆಸರು ಹೇಳು’ ಅಂತ ಕಳಿಸಿಕೊಡುತ್ತಾರೆ. ‘ನನ್ನ ಹೆಸರು ಹೇಳು’ ಅನ್ನುವ ಈ ಎರಡು ಮೂರು ಶಬ್ದ ಮನೆಯಲ್ಲಿ ಕೂತ ಹೊಸಬರಿಗೆ ದೊಡ್ಡ ಆಸರೆ. ಗೊತ್ತಿಲ್ಲದವರಿಗೆ ಮೆಸೇಜ್ ಹಾಕುವ ಅಳುಕು ಅರ್ಧ ಇಳಿಯುತ್ತದೆ.

ಕ್ಯಾಮೆರಾ ಬಗ್ಗೆ ಒಂದು ಮಾತು. 267 ಜನರ ಸಮೀಕ್ಷೆ ಮಾಡಿದವರು, ಟೀಮ್‌ಗಳು ಕ್ಯಾಮೆರಾ ಆನ್ ಮಾಡಿಕೊಳ್ಳುವಂತೆ ಉತ್ತೇಜಿಸಿ ಅಂತ ಸಲಹೆ ಕೊಟ್ಟರು. ದಿನವಿಡೀ ಕ್ಯಾಮೆರಾ ಮುಂದೆ ಕೂರುವ ದಣಿವು ನಮಗೆಲ್ಲ ಗೊತ್ತು, ಹಾಗಾಗಿ ಈ ಸಲಹೆಗೆ ಬಹಳ ಜನ ಮುಖ ಸಿಂಡರಿಸುತ್ತಾರೆ. ನನಗೆ ಅದರಲ್ಲಿ ನ್ಯಾಯ ಕಾಣುತ್ತದೆ. ಹಳಬರಿಗೆ ಒಬ್ಬರ ಮುಖ ಇನ್ನೊಬ್ಬರಿಗೆ ಮನಸ್ಸಿನಲ್ಲೇ ಇದೆ. ಸದ್ದಿಲ್ಲದ ಆ ಕಪ್ಪು ಚೌಕದ ಹಿಂದೆ ಯಾರು ಹೇಗೆ ಕೂತಿದ್ದಾರೆ ಅಂತ ಊಹಿಸಬಲ್ಲರು. ಹೊಸಬರಿಗೆ ಅದು ಬರೀ ಎರಡು ಅಕ್ಷರ ಇರುವ ಒಂದು ವೃತ್ತ. ತಾನು ಹೇಳಿದ್ದಕ್ಕೆ ಬಂದ ಮೌನ ಬೇಸರವೋ, ಯೋಚನೆಯೋ, ಇಂಟರ್ನೆಟ್ ಕೈಕೊಟ್ಟದ್ದೋ ತಿಳಿಯುವುದಿಲ್ಲ. ನಿಯಮ ಮಾಡಿ ಹೇರುವುದು ಬೇಡ. ಹೊಸಬರು ಸೇರಿದ ಮೊದಲ ಕೆಲವು ವಾರ, ಅವರಿರುವ ಸಣ್ಣ ಮೀಟಿಂಗ್‌ಗಳಲ್ಲಿ ಹಳಬರೇ ಮೊದಲು ಕ್ಯಾಮೆರಾ ಹಾಕಿಕೊಂಡರೆ ಸಾಕು.

ಮೊದಲ ಕೆಲಸ ಚಿಕ್ಕದಿರಲಿ

ಅದೇ ಸಮೀಕ್ಷೆಯ ಇನ್ನೊಂದು ಸಲಹೆ ನನಗೆ ಎಲ್ಲಕ್ಕಿಂತ ಇಷ್ಟ. ಹೊಸಬರಿಗೆ ಮೊದಲು ಸರಳವಾದ ಒಂದು ಕೆಲಸ ಕೊಡಿ. ಅದಕ್ಕೆ ಒಳ್ಳೆಯ ಉದಾಹರಣೆ ಗಿಟ್‌ಲ್ಯಾಬ್‌ನಲ್ಲಿ ಸಿಗುತ್ತದೆ. ಆಫೀಸೇ ಇಲ್ಲದೆ ಎಲ್ಲರೂ ದೂರದಿಂದಲೇ ಕೆಲಸ ಮಾಡುವ ಕಂಪನಿ ಅದು. 2021ರ ಅಕ್ಟೋಬರ್‌ನಲ್ಲಿ ಷೇರು ಪೇಟೆಗೆ ಬಂದಾಗಲೂ ಹಾಗೆಯೇ ಇತ್ತು. ಅದರ ನಿಯಮಾವಳಿಯ ಕೈಪಿಡಿ ಯಾರು ಬೇಕಾದರೂ ಓದಬಹುದಾದ ಹಾಗೆ ಇಂಟರ್ನೆಟ್‌ನಲ್ಲಿದೆ.

ಅಲ್ಲಿ ಸೇರುವ ಪ್ರತಿಯೊಬ್ಬರಿಗೂ ಒಂದು ಉದ್ದದ ಕೆಲಸಪಟ್ಟಿ ತೆರೆಯುತ್ತಾರೆ. ದಿನದ ಪ್ರಕಾರ ಟಿಕ್ ಮಾಡುತ್ತಾ ಹೋಗಬೇಕು. ಅದೇ ಪಟ್ಟಿಯಲ್ಲಿ ಮ್ಯಾನೇಜರ್ ಮಾಡಬೇಕಾದ್ದು, ಜೊತೆಗಾರ ಮಾಡಬೇಕಾದ್ದು ಎಲ್ಲ ಇರುತ್ತದೆ. ಮ್ಯಾನೇಜರ್ ತನ್ನ ಪಾಲಿನದ್ದನ್ನು ಮಾಡಿಲ್ಲ ಅಂದರೆ ಹೊಸಬರಿಗೇ ಕಾಣುತ್ತದೆ. ಈ ಏರ್ಪಾಡು ನನಗೆ ತುಂಬ ಹಿಡಿಸಿತು. ಸಾಮಾನ್ಯವಾಗಿ ಆನ್‌ಬೋರ್ಡಿಂಗ್ ಪಟ್ಟಿ ಅಂದರೆ ಹೊಸಬರ ಮೇಲೆ ಹೊರಿಸಿದ ಹೊರೆ. ಇಲ್ಲಿ ಹೊಣೆ ಹಂಚಿಹೋಗಿದೆ, ಅದೂ ಎಲ್ಲರ ಕಣ್ಣೆದುರಿಗೆ.

ಪಟ್ಟಿಯಲ್ಲಿ ಒಂದು ಚಿಕ್ಕ ಕೆಲಸ ಇದೆ. ಕಂಪನಿಯ ಸಿಬ್ಬಂದಿ ಪುಟಕ್ಕೆ ಹೊಸಬರೇ ತಮ್ಮ ವಿವರ ಸೇರಿಸಬೇಕು. ಅದನ್ನು ಅವರು ಮುಂದೆ ದಿನನಿತ್ಯ ಬಳಸುವ ವಿಧಾನದಲ್ಲೇ ಮಾಡಬೇಕು. ಬದಲಾವಣೆ ಬರೆಯಬೇಕು, ಕಳಿಸಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು. ತಪ್ಪಾದರೂ ಯಾವ ಗ್ರಾಹಕರಿಗೂ ನಷ್ಟವಿಲ್ಲ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕೇಳಲೇಬೇಕು, ಮತ್ತು ಕೇಳಲು ನಾಚಿಕೆ ಪಡುವಂಥ ವಿಷಯವೂ ಅದಲ್ಲ, ಯಾಕೆಂದರೆ ಎಲ್ಲರೂ ಅದೇ ದಾರಿಯಲ್ಲಿ ಬಂದವರು. ಕೈಪಿಡಿಯಲ್ಲಿ ಏನಾದರೂ ಹಳತಾಗಿದ್ದರೆ ತಿದ್ದಿ ಕಳಿಸಿ ಅಂತಲೂ ಹೊಸಬರಿಗೆ ಹೇಳುತ್ತಾರೆ. ದಾಖಲೆ ಹಳೆಯದು ಅನ್ನುವ ಆ ಮಾಮೂಲಿ ದೂರು ಇಲ್ಲಿ ಹೊಸಬರ ಮೊದಲ ಕೊಡುಗೆಯಾಗುತ್ತದೆ.

ಪ್ರಕರಣದಿಂದ ಏನು ತೆಗೆದುಕೊಳ್ಳಬಹುದು

ಮೈಕ್ರೋಸಾಫ್ಟ್ 2022ರ ಹೊತ್ತಿಗೆ ಎಂಗೇಜ್‌ಮೆಂಟ್ ಎಂಬ ಅಳತೆಯನ್ನೇ ಬದಲಿಸಿತು. ಹುರುಪಿನಿಂದ, ಕೈಯಲ್ಲಿ ಅಧಿಕಾರ ಇಟ್ಟುಕೊಂಡು, ಅರ್ಥವಿರುವ ಕೆಲಸ ಮಾಡುತ್ತಿದ್ದೀರಾ ಎಂಬ ನೆಲೆಯಲ್ಲಿ ನೌಕರರನ್ನು ಕೇಳತೊಡಗಿತು. ಒಳ್ಳೆಯ ಪ್ರಶ್ನೆಯೇ. ಆದರೆ ಸೇರಿ ಎರಡು ವಾರವಾದವರ ಮುಂದೆ ಇದನ್ನಿಟ್ಟರೆ ಎಲ್ಲರೂ ಹೌದು ಅಂತಾರೆ. ಹೊಸ ಕೆಲಸದ ಸಂಭ್ರಮ ಇನ್ನೂ ಇಳಿದಿರುವುದಿಲ್ಲ. ಕೆಲಸ ಕೊಟ್ಟವರ ಮುಂದೆ ‘ಇಲ್ಲ’ ಅನ್ನಲು ಧೈರ್ಯವೂ ಬಂದಿರುವುದಿಲ್ಲ. ಹೊಸಬರ ಸಮೀಕ್ಷೆಗಳಲ್ಲಿ ಮೊದಲ ತಿಂಗಳ ಅಂಕ ಚೆನ್ನಾಗಿದ್ದು, ಆರು ತಿಂಗಳಿಗೆ ರಾಜೀನಾಮೆ ಪತ್ರ ಬಂದಾಗ ‘ಏನಾಯಿತು ಇವರಿಗೆ?’ ಅಂತ ತಲೆ ಕೆರೆದುಕೊಳ್ಳುವುದು ಇದಕ್ಕೇ.

ಹಾಗಾಗಿ ಹೊಸಬರ ಮಟ್ಟಿಗೆ ಭಾವನೆಗಿಂತ ನಡವಳಿಕೆಯನ್ನು ಕೇಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಈ ವಾರ ಎಲ್ಲಿ ಸಿಕ್ಕಿಹಾಕಿಕೊಂಡೆ? ಯಾರನ್ನು ಕೇಳಿದೆ? ಕೇಳುವ ಮೊದಲು ಎಷ್ಟು ಹೊತ್ತು ಒಬ್ಬನೇ ಒದ್ದಾಡಿದೆ? ಇದಕ್ಕೆ ಸುಳ್ಳು ಹೇಳುವುದು ಕಷ್ಟ, ಹೇಳಬೇಕಾದ ಅಗತ್ಯವೂ ಬರುವುದಿಲ್ಲ. ‘ಎಲ್ಲ ಚೆನ್ನಾಗಿದೆ’ ಅಂತ ತಪ್ಪಿಸಿಕೊಳ್ಳಲು ಜಾಗ ಇಲ್ಲ. ಮ್ಯಾನೇಜರ್ ಇದನ್ನು ವಾರಕ್ಕೊಮ್ಮೆ, ಹತ್ತು ನಿಮಿಷದ ಕಾಲ್‌ನಲ್ಲಿ ಕೇಳಬಹುದು. ತಾನು ಅದೇ ವಾರ ಯಾರನ್ನು ಏನು ಕೇಳಿದೆ ಎಂಬುದನ್ನು ಮೊದಲು ಹೇಳಿ ಆಮೇಲೆ ಕೇಳಿದರೆ ಇನ್ನೂ ಒಳ್ಳೆಯದು. ಹಿರಿಯರೂ ಕೇಳುತ್ತಾರೆ ಅನ್ನುವುದು ಹೊಸಬರಿಗೆ ಕಣ್ಣಾರೆ ಕಾಣದಿದ್ದರೆ ಕಿವಿಯಾರೆ ಕೇಳಿಸಲಿ.

ಉತ್ತರಗಳಲ್ಲಿ ಬರುವ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು. ಮೊದಲ ವಾರ ಒಂದೇ ಹೆಸರು ಇರುವುದು ಸಹಜ. ಅದು ಜೊತೆಗಾರನದ್ದು. ನಾಲ್ಕನೇ ವಾರಕ್ಕೂ ಅದೊಂದೇ ಹೆಸರು ಇದ್ದರೆ, ಆ ಹೊಸಬ ಕಂಪನಿಗೆ ಸೇರಿಲ್ಲ, ಒಬ್ಬ ವ್ಯಕ್ತಿಗೆ ಮಾತ್ರ ಸೇರಿದ್ದಾನೆ. ಆ ಒಬ್ಬರು ರಜೆ ಹಾಕಿದ ದಿನ ಅವನಿಗೆ ಯಾರೂ ಇರುವುದಿಲ್ಲ. ಅಂಥ ಸಮಯದಲ್ಲಿ ಬೇರೆ ಟೀಮ್‌ನವರ ಜೊತೆ ಸೇರಿ ಮಾಡಬೇಕಾದ ಒಂದು ಸಣ್ಣ ಕೆಲಸವನ್ನು ಹುಡುಕಿ ಕೊಡಬೇಕು. ಆ ಟೀಮ್‌ನವರಿಗೆ ಮ್ಯಾನೇಜರೇ ಮುಂಚಿತವಾಗಿ ಒಂದು ಮೆಸೇಜ್ ಹಾಕಿ, ಹೊಸಬ ಬರುತ್ತಿದ್ದಾನೆ, ಪ್ರಶ್ನೆ ಕೇಳುತ್ತಾನೆ, ಸ್ವಲ್ಪ ಸಮಯ ಕೊಡಿ ಅಂತ ಹೇಳಿಡಬೇಕು.